ಹಕ್ಕಿ ಹಿಕ್ಕೆಯ ಕಲೆಗೆ ರಬ್ಬಿಂಗ್ ಬೇಡ, ಮೊದಲು ನೀರು ಹಾಕಿ

ಕಾರಿನ ಮೇಲೆ ಬೀಳುವ ಹಕ್ಕಿ ಹಿಕ್ಕೆಯ ಕಲೆಗೆ ತಿಂಗಳಿಗೊಮ್ಮೆ ರಬ್ಬಿಂಗ್ (ಮಷೀನ್ ಹಿಡಿದು ಪೇಂಟ್ ಉಜ್ಜುವುದು) ಮಾಡಿಸುತ್ತಾ ಇದ್ದರೆ ಸಾಕಾ, ಇಲ್ಲ ಪೇಂಟ್ ಮೇಲೆ ರಕ್ಷಣೆಗೆ ಹಚ್ಚುವ ಸೆರಾಮಿಕ್ ಕೋಟಿಂಗೇ ಬೇಕಾ ಅಂತ ಕೇಳಿದ್ದೀರಿ. ರಬ್ಬಿಂಗ್ ಮಾತ್ರ ದಯವಿಟ್ಟು ಬೇಡ. ಹಾಸನದಲ್ಲಿ ಮನೆ ಮುಂದಿನ ಮರದ ಕೆಳಗೆ ನಿಲ್ಲುವ ಹೊಸ ಕಾರು, ಕಡು ಬಣ್ಣ, ತೊಳೆದರೂ ಹೋಗದ ಕಲೆ ಅಂತ ನೀವು ಬರೆದಿದ್ದನ್ನು ಓದುವಾಗ ನನ್ನದೇ ಗಾಡಿ ಕಣ್ಣ ಮುಂದೆ ಬಂತು.

ನಾನು ಆಗ ಚಿಕ್ಕಮಗಳೂರಿನಲ್ಲಿ ಬಸವನಹಳ್ಳಿ ಕಡೆ ಬಾಡಿಗೆ ಮನೆಯಲ್ಲಿದ್ದೆ. ಶೆಡ್ ಇರಲಿಲ್ಲ. ಗೇಟಿನ ಎದುರಿಗೇ ಒಂದು ದೊಡ್ಡ ಅತ್ತಿಮರ, ಅದರ ನೆರಳಲ್ಲೇ ಕಾರು. ಹಣ್ಣು ಬಿಟ್ಟಿತು ಅಂದರೆ ಹಗಲೆಲ್ಲಾ ಗೊರವಂಕ, ಕುಟುರ, ಕೋಗಿಲೆ. ರಾತ್ರಿ ಬಾವಲಿ. ಕೆಲಸದ ಮೇಲೆ ಬೇಲೂರು ದಾಟಿ ಹಾಸನಕ್ಕೆ ಹೋಗಿ ಬರುವುದು ಇದ್ದೇ ಇರುತ್ತಿತ್ತು, ಸಂಜೆ ಬಂದು ನಿಲ್ಲಿಸುವಾಗ ಬಾನೆಟ್ ಎಂಜಿನ್ ಶಾಖಕ್ಕೆ ಕೈ ಇಡಲಾಗದಷ್ಟು ಕಾದಿರುತ್ತಿತ್ತು. ಹಿಕ್ಕೆ ಬೀಳುತ್ತಿದ್ದದ್ದು ಅದರ ಮೇಲೆ. ಬೆಳಗ್ಗೆ ನೋಡಿದರೆ ಒಣಗಿ ಗಟ್ಟಿಯಾಗಿರುತ್ತಿತ್ತು. ಅದನ್ನು ಒರೆಸಿ ತೆಗೆದ ಜಾಗದಲ್ಲಿ ಮೊಟ್ಟೆಯಾಕಾರದ ಮಂಕು ಗುರುತು ಉಳಿಯುತ್ತಿತ್ತು. ಟ್ಯೂಬ್‌ಲೈಟಿನ ಪ್ರತಿಬಿಂಬ ಬಾನೆಟ್ ಮೇಲೆ ನೇರ ಗೆರೆಯಾಗಿ ಬಂದು ಆ ಗುರುತಿನ ಹತ್ತಿರ ಮಾತ್ರ ಸೊಟ್ಟಗಾಗುತ್ತಿತ್ತು. ನೀವೂ ರಾತ್ರಿ ಹೀಗೆ ನೋಡಿ, ಹಗಲು ಕಾಣದ ಕಲೆಗಳೆಲ್ಲ ಕಾಣುತ್ತವೆ.

ಈಗ ನನಗೆ ದುಡ್ಡು ಹೋದ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಕಲೆ ಕಂಡಾಗೆಲ್ಲಾ ನಾನು ವಾಟರ್ ವಾಶ್‌ಗೆ ಹೋಗಿ ಬಾನೆಟ್‌ಗೆ ರಬ್ಬಿಂಗ್ ಹೊಡೆಸಿಕೊಂಡು ಬರುತ್ತಿದ್ದೆ. ಮಷೀನ್ ಹಿಡಿದು ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಾಕಿ ತಿಕ್ಕಿದರೆ ಕಲೆ ಹೋಗುತ್ತಿತ್ತು, ಶೋರೂಮಿನಿಂದ ಈಗ ತಂದ ಹಾಗೆ ಮಿಂಚುತ್ತಿತ್ತು. ಆ ಮಿಂಚು ನೋಡಿ ಪೇಂಟ್ ಸರಿಯಾಯಿತು ಅಂತ ನಾನು ನಂಬಿದ್ದೆ. ಆದರೆ ಅಲ್ಲಿ ಏನೂ ಸೇರುತ್ತಿರಲಿಲ್ಲ, ಹೋಗುತ್ತಲೇ ಇತ್ತು. ಈಗಿನ ಗಾಡಿಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪದರ ಇರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಮುಟ್ಟುವುದು ಕಷ್ಟ. ಹೊಳಪೂ ಅದರದೇ, ಬಿಸಿಲು ತಡೆಯುವುದೂ ಅದೇ. ಕಲೆ ಅನ್ನುವುದು ಆ ಪದರದಲ್ಲಿ ಬಿದ್ದ ಚಿಕ್ಕ ತಗ್ಗು. ಕಾಂಪೌಂಡ್ ಆ ತಗ್ಗನ್ನು ತುಂಬುವುದಿಲ್ಲ, ಸುತ್ತ ಇರುವುದನ್ನು ತಗ್ಗಿನ ಮಟ್ಟಕ್ಕೆ ಕೆರೆದು ಇಳಿಸುತ್ತದೆ. ಒಂದು ಕಲೆಗೋಸ್ಕರ ಇಡೀ ಬಾನೆಟ್ ಸವೆಯುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಒಂದು ಸಲ ರಬ್ಬಿಂಗ್ ಆಗುವಾಗ ಪಕ್ಕದಲ್ಲೇ ನಿಂತಿದ್ದೆ. ಮಷೀನಿನ ಬಿಳಿ ಪ್ಯಾಡ್‌ಗೆ ನೀಲಿ ಬಣ್ಣ ಹತ್ತಿತ್ತು. ಕೊಳೆ ಇರಬೇಕು ಅಂತ ಸುಮ್ಮನಾದೆ. ಆ ಹೊತ್ತಿಗೆ ನಿಲ್ಲಿಸಿ ಅಂದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಪ್ಯಾಡ್‌ಗೆ ಗಾಡಿಯ ಬಣ್ಣ ಬಂತು ಅಂದರೆ ಮೇಲಿನ ಪದರ ಅಲ್ಲಿ ಮುಗಿದಿದೆ ಅಂತಲೇ ಅರ್ಥ. ಕ್ಲಿಯರ್ ಕೋಟ್ ಇಲ್ಲದ ಹಳೇ ಪೇಂಟ್ ಆದರೆ ಬಣ್ಣ ಬರುವುದು ಸಹಜ. 'ರಬ್ಬಿಂಗ್ ಹೊಡೆದರೆ ಏನೂ ಆಗಲ್ಲ' ಅನ್ನುವ ಮಾತು ಆ ಕಾಲದ್ದು, ಈಗಲೂ ಎಲ್ಲರ ಬಾಯಲ್ಲಿ ಓಡಾಡುತ್ತಿದೆ. ಮುಂದಿನ ಬೇಸಿಗೆಗೆ ಬಾನೆಟ್‌ನ ಏಣಿನ ಉದ್ದಕ್ಕೂ ಬೆಳ್ಳಗೆ ಮಂಕು ಪಟ್ಟಿ ಬಂತು, ಆಮೇಲೆ ಪದರ ಏಳೋದಕ್ಕೆ ಶುರುವಾಯಿತು. ಏಣಿನ ಮೇಲೆ ಪ್ಯಾಡಿನ ಒತ್ತಡ ಜಾಸ್ತಿ ಬೀಳುತ್ತದೆ, ಅದಕ್ಕೇ ಮೊದಲು ಅಲ್ಲೇ ಹೋಗುತ್ತದೆ.

ಹಾಸನದಲ್ಲಿ ಪೇಂಟಿಂಗ್ ಕೆಲಸ ಮಾಡುವ ನಮ್ಮ ಭಾವ ಬಂದು ಬೆರಳಿಟ್ಟು ನೋಡಿದರು. "ಅಲ್ಲ ಕಣೋ, ಹಕ್ಕಿ ಮಾಡಿದ್ದು ನಾಲ್ಕು ಚುಕ್ಕೆ. ಮಿಕ್ಕಿದ್ದೆಲ್ಲಾ ನೀನೇ ದುಡ್ಡು ಕೊಟ್ಟು ಮಾಡಿಸಿದ್ದೀಯಲ್ಲೋ" ಅಂದರು. ಬಾನೆಟ್ ಪೂರ್ತಿ ಪೇಂಟ್ ಆಗಬೇಕಾಯಿತು. ಕ್ಲಿಯರ್ ಕೋಟನ್ನು ಅಲ್ಲಲ್ಲಿ ತೇಪೆ ಹಾಕಿದರೆ ಅಂಚು ಕಾಣುತ್ತದೆ, ಆಮೇಲೆ ಅಲ್ಲಿಂದಲೇ ಏಳುತ್ತದೆ, ಹಾಗಾಗಿ ಇಡೀ ಬಾನೆಟ್ಟೇ ಮಾಡಬೇಕು. ಮೆಟಾಲಿಕ್ ನೀಲಿ ಬೇರೆ. ನೆರಳಲ್ಲಿ ಶೇಡ್ ಒಂದೇ ಕಾಣುತ್ತದೆ, ಬಿಸಿಲಿಗೆ ಬಂದರೆ ಬಾನೆಟ್‌ಗೂ ಪಕ್ಕದ ಫೆಂಡರ್‌ಗೂ ವ್ಯತ್ಯಾಸ ಇವತ್ತಿಗೂ ಗೊತ್ತಾಗುತ್ತದೆ. ಕಂಪನಿ ಪೇಂಟ್ ಒಂದು ಸಲ ಹೋದರೆ ಹೋಯಿತು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಕಲೆ ಯಾಕೆ ಆಗುತ್ತದೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದೂ ತಾನಾಗಿ ಗೊತ್ತಾಗುತ್ತದೆ. ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಸಿಡ್. ಹಕ್ಕಿಗೆ ಬೇರೆ ಮೂತ್ರ ಇಲ್ಲ, ಎರಡೂ ಒಟ್ಟಿಗೇ ಬರುತ್ತದೆ. ಆಸಿಡ್ ಪೇಂಟನ್ನು ತಿನ್ನುತ್ತದೆ ಅನ್ನುವುದು ಅರ್ಧ ಮಾತ್ರ. ಇನ್ನರ್ಧ ಶಾಖದ್ದು. ಬಿಸಿಲಿಗೆ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ, ಮೇಲೆ ಬಿದ್ದ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ, ಆಮೇಲೆ ತಣ್ಣಗಾಗುವಾಗ ಪೇಂಟ್ ಅದರ ಆಕಾರಕ್ಕೇ ಕುಗ್ಗಿ ಕೂರುತ್ತದೆ, ಬಿಸಿ ಅರಗಿನ ಮೇಲೆ ಮುದ್ರೆ ಒತ್ತಿದ ಹಾಗೆ. ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಧ್ಯಾಹ್ನ ಸುಡು ಬಿಸಿಲು, ರಾತ್ರಿ ತಂಪು. ಕಲೆ ಕೂರುವುದಕ್ಕೆ ಇದಕ್ಕಿಂತ ಬೇರೆ ಬೇಕಾ? ಕಡು ಬಣ್ಣದ ಗಾಡಿ ಇನ್ನೂ ಜಾಸ್ತಿ ಕಾಯುತ್ತದೆ. ಜೋರು ಮಳೆಗಾಲದಲ್ಲಿ ನನಗೆ ಇಷ್ಟು ತೊಂದರೆ ಆಗಿರಲಿಲ್ಲ.

ಅದಕ್ಕೇ ಯಾವ ಪಾಲಿಶ್ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಒಂದು ಹಗಲಿನ ಬಿಸಿಲೂ ಅದಕ್ಕೆ ಸಿಗಬಾರದು. ತೆಗೆಯುವಾಗ ಒಣ ಬಟ್ಟೆ ಹಾಕಿ ಉಜ್ಜಬೇಡಿ. ಹಣ್ಣು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಬೀಜ ಇರುತ್ತದೆ, ಅತ್ತಿಯದ್ದಾದರೆ ಮರಳಿನಷ್ಟು ಸಣ್ಣ ಬೀಜ, ಉಜ್ಜಿದರೆ ಗೀರು ಗ್ಯಾರಂಟಿ. ಯೂರಿಕ್ ಆಸಿಡ್ ನೀರಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ, ಅದಕ್ಕೆ ನೆನೆಯಲು ಸಮಯ ಬೇಕು. ಹಳೇ ಹತ್ತಿ ಬನಿಯನ್ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ನೆನೆಸಿ, ಹಿಂಡದೆ, ಹಿಕ್ಕೆಯ ಮೇಲೆ ಹಾಸಿ. ಹೊಲಿಗೆ ಇರುವ ಅಂಚು ಬೇಡ. ಹತ್ತು ನಿಮಿಷ ಬಿಡಿ, ಒಣಗುತ್ತಾ ಬಂದರೆ ಮೇಲೆ ಇನ್ನಷ್ಟು ನೀರು ಹಾಕಿ. ಆಮೇಲೆ ಬಟ್ಟೆಯನ್ನು ಎಳೆಯದೆ ಮೇಲಕ್ಕೆ ಎತ್ತಿ, ಹಿಕ್ಕೆ ಅದರ ಜೊತೆಗೇ ಬರುತ್ತದೆ. ಇನ್ನೂ ಉಳಿದಿದ್ದರೆ ಮತ್ತೆ ಹಾಸಿ, ಅವಸರ ಮಾಡಬೇಡಿ. ಕೊನೆಗೆ ನೀರು ಹುಯ್ದು ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ಬೇಡ, ವ್ಯಾಕ್ಸ್ ಇದ್ದರೆ ಅದನ್ನೂ ಎತ್ತಿಕೊಂಡು ಹೋಗುತ್ತದೆ. ಕಾರಿನ ಶಾಂಪೂ ನಾಲ್ಕು ಹನಿ ಹಾಕಿದ ನೀರಿನ ಸ್ಪ್ರೇ ಬಾಟಲಿ ಮತ್ತು ಒಂದು ಮೈಕ್ರೋಫೈಬರ್ ಬಟ್ಟೆ ನನ್ನ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತದೆ.

ಸೆರಾಮಿಕ್ ಬಗ್ಗೆ. ಕೆಟ್ಟದ್ದು ಅಂತ ಹೇಳುವುದಿಲ್ಲ, ತೊಳೆಯುವುದು ಸುಲಭವಾಗುತ್ತದೆ, ಸ್ವಲ್ಪ ಸಮಯವೂ ಸಿಗುತ್ತದೆ. ಆದರೆ ಅದೂ ಒಂದೆರಡು ಮೈಕ್ರಾನಿನ ಪದರ ಅಷ್ಟೇ. ಮಾಡಿಸಿದ್ದೇನಲ್ಲ ಅಂತ ಹಿಕ್ಕೆಯನ್ನು ಬಿಸಿಲಲ್ಲಿ ಬಿಟ್ಟರೆ ಅದನ್ನೂ ದಾಟಿ ಕಲೆ ಕೂರುತ್ತದೆ. ಮರದ ಕೆಳಗೇ ನಿಲ್ಲಿಸಬೇಕು, ದುಡ್ಡೂ ಖರ್ಚು ಮಾಡಬೇಕು ಅಂದರೆ ಬಾನೆಟ್‌ಗೆ ಮತ್ತು ರೂಫ್‌ಗೆ ಮಾತ್ರ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಕಿಸಿ. ಅದು 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್, ಹಾಳಾದರೆ ಫಿಲ್ಮ್ ಹಾಳಾಗುತ್ತದೆ, ಪೇಂಟ್ ಅಲ್ಲ. ನಾನು ಅದನ್ನೂ ಮಾಡಿಸಿಲ್ಲ. ಎರಡು ತಿಂಗಳಿಗೊಮ್ಮೆ ಕೈಯಿಂದಲೇ ವ್ಯಾಕ್ಸ್ ಹಚ್ಚುತ್ತೇನೆ.

ಮರದ ಕೊಂಬೆ ಕಡಿಸಿಬಿಡಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಬೇಡ. ರಸ್ತೆ ಬದಿಯ ಮರಕ್ಕೆ ಕೊಡಲಿ ಹಾಕಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಅದು ಒಂದು ವಿಷಯ. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ನಿಮ್ಮ ಮನೆಗೆ ನೆರಳು ಕೊಡುವ ಮರವನ್ನು ಒಂದು ಬಾನೆಟ್‌ಗೋಸ್ಕರ ಕಡಿಸುವುದು ನನಗೆ ಸರಿ ಕಾಣುವುದಿಲ್ಲ. ಮನೆ ಆವರಣದ ಒಳಗೆ ಜಾಗ ಇದ್ದರೆ ನಾಲ್ಕು ಕಂಬ ನೆಟ್ಟು ಟಾರ್ಪಾಲ್ ಕಟ್ಟಿ, ಕಾಫಿ ಒಣಗಿಸುವಾಗ ಕಣದಲ್ಲಿ ಮುಚ್ಚುತ್ತಾರಲ್ವಾ, ಅದೇ. ಕಾರಿಗೆ ತಾಗಬಾರದು, ಒಂದು ಕಡೆ ಇಳಿಜಾರು ಇರಲಿ. ಈಗ ನಾನಿರುವ ಮನೆಯಲ್ಲಿ ಹಾಗೇ ಮಾಡಿದ್ದೇನೆ. ಮೈಗೆ ಅಂಟುವ ಬಾಡಿ ಕವರ್ ದಿನಾ ಹಾಕಿ ತೆಗೆಯುವವರಿಗೆ ಆಗಿ ಬರುವುದಿಲ್ಲ, ಒಳಗೆ ಸೇರಿದ ಧೂಳು ಗಾಳಿಗೆ ಪೇಂಟನ್ನು ಉಜ್ಜುತ್ತದೆ. ನಮ್ಮ ಮಳೆಗಂತೂ ಅದು ಒಣಗುವುದೇ ಇಲ್ಲ.

ಇನ್ನು ಈಗಾಗಲೇ ಬಿದ್ದಿರುವ ಕಲೆ. ಗಾಡಿ ತಣ್ಣಗಿರುವಾಗ ತೊಳೆದು ಒಣಗಿಸಿ ಕಲೆಯ ಮೇಲೆ ಉಗುರನ್ನು ಹಗುರವಾಗಿ ಎಳೆದು ನೋಡಿ. ಉಗುರು ಸಿಕ್ಕದಿದ್ದರೆ ಕಲೆ ಮೇಲ್ಮಟ್ಟದ್ದು, ನಯವಾದ ಫಿನಿಶಿಂಗ್ ಪಾಲಿಶ್ ತಂದು ಆ ಜಾಗಕ್ಕೆ ಮಾತ್ರ ಕೈಯಿಂದ ತಿಕ್ಕಿ ವ್ಯಾಕ್ಸ್ ಹಚ್ಚಿ. ಪೂರ್ತಿ ಹೋಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಅರೆಬರೆ ಕಾಣುವ ಕಲೆ ಇದ್ದರೆ ಪೇಂಟ್‌ಗೆ ನಷ್ಟವಿಲ್ಲ. ಉಗುರು ಸಿಕ್ಕಿದರೆ ಪೇಂಟರ್ ಹತ್ತಿರ ಹೋಗಿ. ಮೊದಲು ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಅದು ಒಟ್ಟು ದಪ್ಪ ತೋರಿಸುತ್ತದೆ, ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ನಿಮ್ಮ ಬಾಗಿಲಿನ ಅಳತೆಗಿಂತ ಬಾನೆಟ್‌ನದ್ದು ತುಂಬಾ ಕಡಿಮೆ ಬಂದರೆ, ಇಲ್ಲವೇ ಮೀಟರೇ ಇಲ್ಲ ಅಂದರೆ, ಬರೀ ನೀರಲ್ಲಿ ತೊಳೆಸಿಕೊಂಡು ವಾಪಸ್ ಬನ್ನಿ.