ಓದುಗರ ಪ್ರಶ್ನೆ: ಹಳ್ಳಿ ಸುತ್ತಿ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್

ಪ್ರಶ್ನೆ: ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ರೀಡಿಂಗ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಚಿಲ್ಟರ್ನ್ ಗುಡ್ಡಗಳ ಹಳ್ಳಿಯೊಂದರ ಸುತ್ತ ಜಿಯೋಕ್ಯಾಶಿಂಗ್ (ಬಚ್ಚಿಟ್ಟವರು ಆ್ಯಪ್‌ನಲ್ಲಿ ಕೊಟ್ಟ ಅಕ್ಷಾಂಶ ರೇಖಾಂಶ ಹಿಡಿದು, ಫೋನಿನ ಜಿಪಿಎಸ್ ನೆರವಿನಿಂದ ಡಬ್ಬಿ ಹುಡುಕುವ ಆಟ) ನಡಿಗೆಗೆ ಬನ್ನಿ ಅಂತ ಹತ್ತು ವರ್ಷದ ಮೊಮ್ಮಗ ಕರೆಯುತ್ತಿದ್ದಾನೆ. 8 ಕಿ.ಮೀ. ದಾರಿ, 20 ಡಬ್ಬಿ. ನಮಗೆ ಅರವತ್ತೈದು. ಆದೀತೇ? (ಮೈಸೂರು)

ಉತ್ತರ: ಖಂಡಿತ ಆಗುತ್ತದೆ, ಹೊತ್ತಿನ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಬರೀ ನಡಿಗೆಗೆ ಎರಡೂವರೆ ಗಂಟೆ. ಡಬ್ಬಿಗೆ ಏಳೆಂಟು ನಿಮಿಷ ಹಿಡಿದರೂ ಇನ್ನೊಂದು ಎರಡೂವರೆ ಗಂಟೆ. ಬುತ್ತಿ ಬಿಚ್ಚಿ ಕೂರುವುದೂ ಸೇರಿದರೆ ಆರು. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದಾಚೆಗೆ ಸಂಜೆ ಐದಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಒಂಬತ್ತೂವರೆಗೆ ಹಳ್ಳಿ ಬಿಟ್ಟಿರಬೇಕು.

ಆ್ಯಪ್‌ನಲ್ಲಿ ಪ್ರತಿ ಡಬ್ಬಿಗೂ 1ರಿಂದ 5ರವರೆಗೆ ಎರಡು ಅಂಕ ಇರುತ್ತವೆ: ಹುಡುಕುವ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು. ನೆಲದ ಅಂಕ ಎರಡೂವರೆ ದಾಟಿದ್ದನ್ನು ಬಿಟ್ಟು ಮುಂದೆ ನಡೆಯಿರಿ.

ಫೋನಿನ ಬಾಣವನ್ನು ನಂಬಿ ದಾರಿ ಬಿಡಬೇಡಿ. ಅದು ಮುಂದಿನ ಡಬ್ಬಿಯತ್ತ ನೇರ ಗೆರೆ ಎಳೆಯುತ್ತದೆ. ನಡುವೆ ಬೇಲಿಯಿದೆಯೋ ಬಿತ್ತಿದ ಹೊಲವಿದೆಯೋ ಅದಕ್ಕೆ ಗೊತ್ತಿಲ್ಲ. ದಾರಿಗೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ ಇಟ್ಟುಕೊಳ್ಳಿ (ಚಿಲ್ಟರ್ನ್‌ನ ಪಶ್ಚಿಮ ಭಾಗಕ್ಕೆ 171ನೇ ಹಾಳೆ). ಅದರಲ್ಲಿ ಹಸಿರು ಬಣ್ಣದ ಗಿಡ್ಡ ತುಂಡುಗೆರೆ ಸಾರ್ವಜನಿಕ ಕಾಲುದಾರಿ. ನೆಲದ ಮೇಲೆ ಕಂಬಗಳಲ್ಲಿ ಹಳದಿ ಬಾಣ, ಕಾಡಿನೊಳಗೆ ಮರದ ಬೊಡ್ಡೆಯ ಮೇಲೆ ಬಿಳಿ ಬಣ್ಣದ ಬಾಣ ಕಾಣುತ್ತದೆ. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಿ. ಹಸು ಕರುವಿನ ನಡುವೆ ಮಾತ್ರ ಹಾಯಬೇಡಿ. ನಮ್ಮೂರ ಹಸುಗಳಿಗಿರುವ ಜನರ ಒಡನಾಟ ಅವಕ್ಕಿಲ್ಲ.

ಪೆನ್ನು ಎರಡು ಬೇಕು. ಡಬ್ಬಿಯೊಳಗಿನ ಹಾಳೆಯಲ್ಲಿ ಹೆಸರು ಬರೆದರೇ ಸಿಕ್ಕ ಲೆಕ್ಕ, ಆದರೆ ಕ್ಯಾಮೆರಾ ರೀಲಿನ ಡಬ್ಬಿಯಂಥ ಪುಟ್ಟವುಗಳಲ್ಲಿ ಸುರುಳಿ ಕಾಗದ ಬಿಟ್ಟರೆ ಇನ್ನೇನೂ ಹಿಡಿಸದು. ಆ ಸುರುಳಿ ಒದ್ದೆಯಾಗಿ ಗೋಡೆಗೆ ಅಂಟಿರುತ್ತದೆ, ಬೆರಳಲ್ಲಿ ಎಳೆದರೆ ಹರಿಯುತ್ತದೆ. ಒಂದು ಚಿಮಟ ಇಟ್ಟುಕೊಳ್ಳಿ. ದೊಡ್ಡ ಡಬ್ಬಿಯ ಆಟಿಕೆ ಮೊಮ್ಮಗನಿಗೆ ಬೇಕೆನಿಸಿದರೆ ಅಷ್ಟೇ ಬೆಲೆಯದ್ದನ್ನು ಇಡಬೇಕು. ತಿಂಡಿ ಮಾತ್ರ ಇಡಬಾರದು, ವಾಸನೆಗೆ ಪ್ರಾಣಿಗಳು ಡಬ್ಬಿಯನ್ನೇ ಕಡಿಯುತ್ತವೆ. ಉಣ್ಣಿ ಮತ್ತು ತುರಿಕೆ ಗಿಡದ ಕಾಟಕ್ಕೆ ಉದ್ದ ಪ್ಯಾಂಟು, ಕಾಲುಚೀಲದೊಳಗೆ ಸಿಕ್ಕಿಸಿ. ಒದ್ದೆ ಸುಣ್ಣಕಲ್ಲಿನ ನೆಲ ಸೋಪಿನಂತೆ ಜಾರುತ್ತದೆ, ಆದ್ದರಿಂದ ಹಿಡಿತವಿರುವ ಶೂ.

ಇಂಥ ಸುತ್ತುಗಳಲ್ಲಿ ಒಮ್ಮೊಮ್ಮೆ ಮುಚ್ಚಳದ ಒಳಗೆ ಒಂದು ಅಂಕಿ ಬರೆದಿರುತ್ತಾರೆ. ಅವೆಲ್ಲ ಕೂಡಿದರೆ ಕೊನೆಯ ಡಬ್ಬಿಯ ಜಾಗ ಸಿಗುತ್ತದೆ. ಪ್ರತಿ ಮುಚ್ಚಳದ ಫೋಟೋ ತೆಗೆಯುವ ಕೆಲಸ ಮೊಮ್ಮಗನಿಗೆ ವಹಿಸಿ.

ಪ್ರಶ್ನೆ: ಅಕ್ಷಾಂಶ ರೇಖಾಂಶ ಕೈಯಾರೆ ತುಂಬಿದರೆ ಫೋನು ಬೇರೆಲ್ಲೋ ನಿಲ್ಲಿಸುತ್ತದೆ. ಸರಿಯಾದ ಜಾಗದಲ್ಲೂ ಎಷ್ಟೋ ಸಲ ಡಬ್ಬಿ ಸಿಗುವುದಿಲ್ಲ. (ಲಂಡನ್)

ಉತ್ತರ: ಉತ್ತರ ಅಕ್ಷಾಂಶ 51° 36.500 ಅಂದರೆ 51 ಡಿಗ್ರಿ ಮೂವತ್ತಾರೂವರೆ ಮಿನಿಟು, 36 ಮಿನಿಟು 50 ಸೆಕೆಂಡು ಅಲ್ಲ. ಈ ಒಂದು ತಪ್ಪಿಗೆ 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿಬಿಡುತ್ತೀರಿ. ರೇಖಾಂಶದಲ್ಲಿ ಭಾರತದ ರೂಢಿಯಂತೆ ‘ಪೂರ್ವ’ ಹಾಕಿಬಿಡುವುದೂ ಉಂಟು. ಚಿಲ್ಟರ್ನ್ ಇರುವುದು ಗ್ರೀನಿಚ್‌ನ ಪಶ್ಚಿಮಕ್ಕೆ.

ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಒರೆಗಾನ್‌ನಲ್ಲಿ ಮೊದಲ ಡಬ್ಬಿ ಇಟ್ಟರು. ಹಾಗಿದ್ದರೂ ಬಯಲಿನಲ್ಲೇ ನಾಲ್ಕೈದು ಮೀಟರ್ ವ್ಯತ್ಯಾಸ ಉಳಿದಿದೆ. ಬಚ್ಚಿಟ್ಟವರದ್ದಷ್ಟು, ನಿಮ್ಮದಷ್ಟು, ಮೇಲೆ ‘ಬೀಚ್’ ಎಂಬ ಜಾತಿಯ ಕಾಡುಮರಗಳ ದಟ್ಟ ಎಲೆ. ಹತ್ತು ಮೀಟರ್ ಅನ್ನುವಾಗಲೇ ಫೋನು ಜೇಬಿಗೆ ಹಾಕಿ, ಕಣ್ಣು ಬಳಸಿ. ಬೇರಿನ ಸಂದಿಯಲ್ಲಿ ಒಂದೇ ಅಳತೆಯ ಕಡ್ಡಿಗಳು ಸಾಲಾಗಿ ಜೋಡಿಸಿದಂತಿವೆಯೇ? ಗಾಳಿ ಹಾಗೆ ಜೋಡಿಸುವುದಿಲ್ಲ. ಗೇಟಿನ ಕಬ್ಬಿಣದ ಹಿಂಬದಿ ಸವರಿ ನೋಡಿ, ಆಯಸ್ಕಾಂತದ ಚಿಕ್ಕ ಡಬ್ಬಿ ಅಂಟಿರಬಹುದು. ಕೊನೆಯ ಮೂರು ಜನ ಸಿಗಲಿಲ್ಲ ಅಂತ ಆ್ಯಪ್‌ನಲ್ಲಿ ಬರೆದಿದ್ದರೆ ಅದು ಕಳೆದೇ ಹೋಗಿರುವ ಸಂಭವ ಹೆಚ್ಚು. ಸಿಕ್ಕಿದ್ದನ್ನು ಇದ್ದಲ್ಲೇ, ಇದ್ದ ಹಾಗೇ ಮುಚ್ಚಿಡಿ. ನಾಲ್ಕಡಿ ಸರಿಸಿದರೂ ಮುಂದಿನವರು ಪೊದೆಯನ್ನೆಲ್ಲ ತುಳಿಯುತ್ತಾರೆ.

ಪ್ರಶ್ನೆ: ಪ್ರವಾಸ ಹೋದಾಗ ನಾವೂ ಒಂದು ಡಬ್ಬಿ ಇಟ್ಟು ಬರಬಹುದೇ? (ಶಿವಮೊಗ್ಗ)

ಉತ್ತರ: ಇಲ್ಲ. ಮಳೆಗೆ ಹಾಳೆ ನೆನೆದಾಗ ಬದಲಿಸಲು ಹತ್ತಿರದಲ್ಲೇ ಇರುವವರು ಇಡಬೇಕು. ಅಲ್ಲೇ ನೆಲೆಸಿದವರಾದರೂ ಜಾಗದ ಒಡೆಯರ ಒಪ್ಪಿಗೆ ಬೇಕು (ಕಾಲುದಾರಿ ನಡೆಯುವ ಹಕ್ಕು ಕೊಡುತ್ತದೆಯೇ ಹೊರತು ಬಚ್ಚಿಡುವ ಹಕ್ಕನ್ನಲ್ಲ), ಪಕ್ಕದ ಡಬ್ಬಿಯಿಂದ 161 ಮೀಟರ್ ಅಂತರವೂ ಇರಬೇಕು.