ಎಚ್ ಎಣಿಸಿದ್ದಕ್ಕೆ ನನಗೆ ಆರು ತಿಂಗಳು ಹೋಯ್ತು

ಗ್ಲೂಕೋಸ್‌ನಲ್ಲಿ 12 ಹೈಡ್ರೋಜನ್ (ಸೂತ್ರದಲ್ಲಿ ಎಚ್) ಇದ್ದರೂ ಅದು ಯಾಕೆ ಆಮ್ಲ ಅಲ್ಲ, ಆಮ್ಲದ ಮೂರು ವ್ಯಾಖ್ಯೆಗಳಲ್ಲಿ ಯಾವುದನ್ನ ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ಒಂದನ್ನೂ ಬೇಡ. ನಾನು ಬಾಯಿಪಾಠ ಮಾಡಿಯೇ ಕೆಟ್ಟವನು.

ನಮ್ಮದು ಗದಗ ಕಡೆ ಹಳ್ಳಿ. ಹತ್ತನೇ ಕ್ಲಾಸಿನಲ್ಲಿ ನಮಗೆ ಸಿಕ್ಕಿದ್ದು ಒಂದೇ ಸಾಲು: 'ಸೂತ್ರದಲ್ಲಿ ಎಚ್ ಇದ್ದರೆ ಆಮ್ಲ, ಎಷ್ಟು ಎಚ್ ಇವೆಯೋ ಅಷ್ಟು ಬಿಡುತ್ತದೆ.' ಎಚ್‌ಸಿಎಲ್‌ಗೆ (ಹೈಡ್ರೋಕ್ಲೋರಿಕ್ ಆಮ್ಲ) ಒಂದು, ಎಚ್2ಎಸ್ಒ4ಗೆ (ಸಲ್ಫ್ಯೂರಿಕ್ ಆಮ್ಲ) ಎರಡು. ಎಲ್ಲಾ ಸರಿಹೋಗುತ್ತಿತ್ತು. ನೂರಕ್ಕೆ ಎಂಬತ್ತರ ಮೇಲೆ ಅಂಕವೂ ಬಂತು, ಹಾಗಾಗಿ ಯಾರೂ ತಿದ್ದಲಿಲ್ಲ.

ಡಿಗ್ರಿಗೆ ಧಾರವಾಡಕ್ಕೆ ಬಂದೆ. ಪ್ರಾಕ್ಟಿಕಲ್‌ಗೆ ಅಂಗಡಿಯಿಂದ ವಿನೆಗರ್ ತಂದು ಅದರಲ್ಲಿ ಅಸಿಟಿಕ್ ಆಮ್ಲ ಎಷ್ಟಿದೆ ಅಂತ ಅಳೆಯಬೇಕಿತ್ತು. ಸುಭಾಸ ರಸ್ತೆಯ ಒಂದು ಕಿರಾಣಿ ಅಂಗಡಿಯಲ್ಲಿ ಬಾಟ್ಲಿ ತಗೊಂಡೆ, ಮೇಲೆ 4 ಪರ್ಸೆಂಟ್ ಅಂತ ಬರೆದಿತ್ತು. ಅದರ 10 ಮಿಲಿಗೆ ನೀರು ಬೆರೆಸಿ 100 ಮಿಲಿ ಮಾಡಿದೆ. ಅದರಿಂದ 20 ಮಿಲಿ ತೆಗೆದು, ಆಮ್ಲ ಮುಗಿದ ಕೂಡಲೇ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, ಬ್ಯೂರೆಟ್‌ನಿಂದ (ಅಳತೆ ಗೆರೆಯ ಗಾಜಿನ ಕೊಳವೆ) 0.1 ಮೋಲಾರ್ ಕಾಸ್ಟಿಕ್ ಸೋಡಾ ಬಿಟ್ಟೆ. 13.3 ಮಿಲಿಗೆ ತಿಳಿ ಗುಲಾಬಿ ಬಂತು. ಇಲ್ಲಿವರೆಗೆ ತಪ್ಪೇ ಇಲ್ಲ, ಕೈ ಚೆನ್ನಾಗಿಯೇ ಇತ್ತು ನಂದು.

ತಪ್ಪಾಗಿದ್ದು ಲೆಕ್ಕದಲ್ಲಿ. ಅಸಿಟಿಕ್ ಆಮ್ಲದ ಸೂತ್ರ ಸಿಎಚ್3ಸಿಒಒಎಚ್. ಎಣಿಸಿ ನೋಡಿ, ನಾಲ್ಕು ಎಚ್. ನಾನೂ ಎಣಿಸಿದೆ. ಒಂದು ಅಣು ನಾಲ್ಕು ಎಚ್ ಬಿಡುತ್ತದೆ, ಅಂದರೆ ನಾಲ್ಕು ಕಾಸ್ಟಿಕ್ ಸೋಡಾಗೆ ಒಂದೇ ಅಸಿಟಿಕ್ ಆಮ್ಲ ಸಾಕು ಅಂತ ನಾಲ್ಕರಿಂದ ಭಾಗಿಸಿದೆ. ಬಂದ ಉತ್ತರ 1 ಪರ್ಸೆಂಟ್. ಬಾಟ್ಲಿ ಮೇಲೆ 4, ನನ್ನ ಹಾಳೆಯಲ್ಲಿ 1. ಸರಿಯಾಗಿ ನಾಲ್ಕು ಪಟ್ಟು ವ್ಯತ್ಯಾಸ! ಅಲ್ಲೇ ಹೊಳೆಯಬೇಕಿತ್ತು ಅಲ್ವಾ? ಹೊಳೆಯಲಿಲ್ಲ. ಮೂರು ಸಲ ಮಾಡಿದೆ, ಮೂರೂ ಸಲ 13.3ರ ಆಸುಪಾಸು, ಮೂರೂ ಸಲ ನಾಲ್ಕರಿಂದ ಭಾಗಿಸಿದೆ. ಬ್ಯೂರೆಟ್ ತೊಳೆದೆ, ಸೋಡಾ ಹೊಸದಾಗಿ ಮಾಡಿದೆ, ಹತ್ತನೇ ಕ್ಲಾಸಿನ ಆ ಒಂದು ಸಾಲನ್ನು ಮಾತ್ರ ಅನುಮಾನಿಸಲಿಲ್ಲ.

ಅನುಮಾನ ಬಂದಿದ್ದು ಅಂಗಡಿಯವರ ಮೇಲೆ. ಬಾಟ್ಲಿ ಹಿಡ್ಕೊಂಡು ಹೋಗಿ, ನಾಲ್ಕು ಜನ ಗಿರಾಕಿಗಳ ಎದುರು 'ಮುಕ್ಕಾಲು ನೀರು ಹಾಕೀರಿ' ಅಂದೆ. ಅವರು ಬೈಯಲಿಲ್ಲ. 'ತಮ್ಮಾ, ಸೀಲ್ ನೀನ ಒಡದೀ. ಅದರಾಗ ನಾ ಯಾವಾಗ ನೀರು ಹಾಕ್ಲಿ?' ಅಂದರು. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ, ರೆಕಾರ್ಡಿನಲ್ಲಿ 'ಮಾದರಿ ಕಲಬೆರಕೆ' ಅಂತ ಬರೆದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದ ಸರ್ ಅದನ್ನು ಓದಿ, 'ಯಾವ ಎಚ್ ಹೋಗ್ತದ?' ಅಂತ ಕೇಳಿದರು. 'ನಾಲ್ಕೂ ಸರ್.' ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಪ್ರಾಕ್ಟಿಕಲ್ ಫೇಲ್. ಮತ್ತೆ ಬರೆಯೋಕೆ ಮುಂದಿನ ಸೆಮಿಸ್ಟರ್‌ವರೆಗೆ ಕಾಯಬೇಕಾಯಿತು.

ಆ ಆರು ತಿಂಗಳಲ್ಲಿ ಅರ್ಥವಾಗಿದ್ದು ಇಷ್ಟು. ಎಚ್ ಎಷ್ಟಿವೆ ಅನ್ನೋದು ಮುಖ್ಯ ಅಲ್ಲ, ಯಾರ ಕೈ ಹಿಡಿದು ಕೂತಿವೆ ಅನ್ನೋದು ಮುಖ್ಯ. ಅಸಿಟಿಕ್ ಆಮ್ಲದ ಮೂರು ಎಚ್ ಕಾರ್ಬನ್ ಜೊತೆ ಇವೆ. ಕಾರ್ಬನ್ನಿಗೂ ಹೈಡ್ರೋಜನ್ನಿಗೂ ಎಲೆಕ್ಟ್ರಾನಿಗಾಗಿ ಅಂಥ ಜಗಳ ಇಲ್ಲ, ಹಾಗಾಗಿ ಅವು ನೀರಿನಲ್ಲಿ ಬಿಟ್ಟು ಹೋಗೋದಿಲ್ಲ. ನಾಲ್ಕನೆಯದು ಆಕ್ಸಿಜನ್ ಜೊತೆ ಇದೆ. ಆಕ್ಸಿಜನ್ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ, ಎಚ್ ಬರಿಗೈಲಿ ಎದ್ದು ಹೋಗೋಕೆ ತಯಾರು. ಅದು ಹೋದ ಮೇಲೆ ಉಳಿಯುವ ಋಣ ಚಾರ್ಜನ್ನು ಅಲ್ಲಿರುವ ಎರಡು ಆಕ್ಸಿಜನ್‌ಗಳು ಹಂಚಿಕೊಳ್ಳುತ್ತವೆ.

ಈ ಹಂಚಿಕೆಯಲ್ಲೇ ನಿಮ್ಮ ಗ್ಲೂಕೋಸ್ ಸೋಲುತ್ತದೆ. ಅದರಲ್ಲೂ ಒಎಚ್ (ಆಕ್ಸಿಜನ್ ಕೈ ಹಿಡಿದ ಎಚ್) ಐದು ಇವೆ, ಆದರೆ ಎಚ್ ಹೋದರೆ ಆ ಹೊರೆ ಹೊರಬೇಕಾದ್ದು ಒಂದೇ ಆಕ್ಸಿಜನ್. ಹೊರಲಾರದು, ಅದಕ್ಕೆ ಬಿಡೋದೂ ಇಲ್ಲ. ಗ್ಲೂಕೋಸ್ ನೀರಿಗೆ ಬಲ್ಬು ಹಚ್ಚುವ ಪ್ರಯೋಗ ನಿಮ್ಮ ಪುಸ್ತಕದಲ್ಲಿದೆಯಲ್ಲ, ಬಲ್ಬು ಉರಿಯದಿರೋಕೆ ಕಾರಣ ಇದೇ. ಕರೆಂಟ್ ಹೊರುವ ಅಯಾನುಗಳೇ (ಚಾರ್ಜ್ ಇರುವ ಕಣಗಳು) ಇಲ್ಲ.

ಇನ್ನೊಂದು ಅರ್ಧ ನಾನು ಮರೆತಿದ್ದು: ಎಚ್ ಹೋಗಬೇಕಾದರೆ ತಗೊಳ್ಳೋರು ಬೇಕು. ಒಣ ಎಚ್‌ಸಿಎಲ್ ಅನಿಲ ಒಣ ಲಿಟ್ಮಸ್ಸನ್ನು (ಆಮ್ಲ ತಾಗಿದರೆ ಕೆಂಪಾಗುವ ನೀಲಿ ಕಾಗದ) ಕೆಂಪು ಮಾಡೋದಿಲ್ಲ. ಒಂದು ಹನಿ ನೀರು ತಾಗಿಸಿ, ತಕ್ಷಣ ಕೆಂಪು. ಎಚ್ ಅನ್ನು ನೀರು ಎತ್ತಿಕೊಂಡು ಎಚ್3ಒ ಪ್ಲಸ್ ಆಗುತ್ತದೆ.

ವ್ಯಾಖ್ಯೆಗಳ ವಿಷಯಕ್ಕೆ ಬಂದರೆ, ಅವು ಒಂದರ ವಿರುದ್ಧ ಒಂದು ನಿಂತ ಪಕ್ಷಗಳಲ್ಲ, ಯಾವುದನ್ನ ಆರಿಸಲಿ ಅಂತ ಕೇಳೋಕೆ. 1884ರಲ್ಲಿ ಅರ್ಹೇನಿಯಸ್ ಅನ್ನೋ ವಿಜ್ಞಾನಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ನೀರಿನಲ್ಲಿ ಅಯಾನು ಆಗೋದನ್ನ ಹೇಳಿದ. (ಆ ಪ್ರಬಂಧಕ್ಕೆ ಅವನಿಗೂ ಕಡಿಮೆ ದರ್ಜೆಯೇ ಕೊಟ್ಟಿದ್ದರು, 1903ರಲ್ಲಿ ನೊಬೆಲ್ ಬಂತು. ನನಗೆ ಬರಲಿಲ್ಲ, ಬಿಡಿ.) 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಕೊಡೋರು, ತಗೊಳ್ಳೋರು ಅನ್ನೋ ಮಾತು ಸೇರಿಸಿದರು. ಅದೇ ವರ್ಷ ಲೂಯಿಸ್ ಎಚ್ ಕೂಡ ಬೇಕಾಗಿಲ್ಲ, ಎಲೆಕ್ಟ್ರಾನ್ ಜೋಡಿ ತಗೊಂಡರೆ ಸಾಕು ಅಂದ. ಸುಮ್ನೆ ಹೇಳಿದ್ದಲ್ಲ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ಗೊತ್ತಲ್ವಾ, ಎಚ್3ಬಿಒ3, ಮೂರು ಎಚ್. ಅದು ತನ್ನ ಒಂದು ಎಚ್ ಅನ್ನೂ ಕೊಡೋದಿಲ್ಲ. ನೀರಿನಿಂದ ಒಎಚ್ ಕಿತ್ತುಕೊಳ್ಳುತ್ತದೆ, ನೀರಿನ ಎಚ್ ಹೊರಗೆ ಬೀಳುತ್ತದೆ. ಹತ್ತನೇ ಕ್ಲಾಸಿಗೆ ಇದು ಜಾಸ್ತಿ ಆಯ್ತು, ಆದರೆ ಎಣಿಸುವ ಚಟ ಬಿಡಿಸೋಕೆ ಇದಕ್ಕಿಂತ ಒಳ್ಳೆ ಔಷಧ ನನಗೆ ಸಿಕ್ಕಿಲ್ಲ.

ನೀವು ಮಾಡಬೇಕಾದ್ದು ಒಂದೇ ಕೆಲಸ. ಸೂತ್ರವನ್ನು ಒಂದೇ ಸಾಲಿನಲ್ಲಿ ಬರೆಯಬೇಡಿ, ಬಂಧಗಳ ಗೆರೆ ಎಳೆದು ಚಿತ್ರ ಬಿಡಿಸಿ. ನಮ್ಮ ಎರಿ ಹೊಲದ ಕಡ್ಲಿ ಹುಳಿಯಿಂದಲೇ ಶುರು ಮಾಡಿ. ಬೆಳಗಿನ ಇಬ್ಬನಿಯಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಹಿಂಡುತ್ತಾರಲ್ಲ, ಹೊಲದಲ್ಲಿ ಅಡ್ಡಾಡಿದರೆ ಕಾಲು ಉರಿಯುತ್ತದಲ್ಲ, ಅದೇ. ಅದರಲ್ಲಿರುವ ಮ್ಯಾಲಿಕ್ ಆಮ್ಲದ ಸೂತ್ರ ಸಿ4ಎಚ್6ಒ5. ಆರು ಎಚ್‌ಗಳಲ್ಲಿ ಯಾವುವು ಹೊರಡುತ್ತವೆ ಅಂತ ಗುರುತು ಹಾಕಿ. ಮೂರು ಅಂತ ಬಂದರೆ ನಡುವಿನ ಒಎಚ್ ಮತ್ತೊಮ್ಮೆ ನೋಡಿ, ಅದು ಗ್ಲೂಕೋಸ್‌ನ ಜಾತಿಯದು.