ಮಾಲಗಾದಲ್ಲಿ ಅರವತ್ತು: ‘ಬೇಕಾದ್ರೆ ಹೋಗು’ ಅಂದರೆ ಏನನ್ನಬೇಕು?

ಪ್ರಶ್ನೆ: ಈ ಅಕ್ಟೋಬರ್ 25ಕ್ಕೆ ನನಗೆ ಅರವತ್ತು ತುಂಬುತ್ತದೆ. 1966ರಲ್ಲಿ, ದಸರೆ ಮುಗಿದ ಬೆನ್ನಿಗೇ ಹುಟ್ಟಿದವಳು. ಮದುವೆಯಾದಾಗಿನಿಂದ ಮನೆಯಲ್ಲೇ ರವಿಕೆ ಹೊಲಿಯುತ್ತಾ ಬಂದಿದ್ದೇನೆ. ಮಗಳು, ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ‘ಅಮ್ಮಾ, ನಿನ್ನ ಅರವತ್ತು ಸ್ಪೇನ್‌ನ ಮಾಲಗಾದಲ್ಲಿ, ಸಮುದ್ರದ ಪಕ್ಕ ಮಾಡೋಣ. ಅಪ್ಪನನ್ನೂ ಕರ್ಕೊಂಡು ಬಾ’ ಅಂತ ಮಗಳು ಹಟ ಹಿಡಿದಿದ್ದಾಳೆ. ನಮ್ಮ ಯಜಮಾನರಿಗೆ ಇದು ಸುತರಾಂ ಇಷ್ಟವಿಲ್ಲ. ‘ಮನೇಲಿ ಶಾಂತಿ ಮಾಡಿಸಿ ನಾಲ್ಕು ಜನಕ್ಕೆ ಊಟ ಹಾಕೋದು ಬಿಟ್ಟು ಪರದೇಶದಲ್ಲಿ ಕೇಕ್ ಕತ್ತರಿಸೋದಾ? ಅಲ್ಲಿ ತಿನ್ನೋಕಾದ್ರೂ ಏನಿದೆ?’ ಅಂತಾರೆ. ಅವರ ಅರವತ್ತು 2020ರ ಮೇ ತಿಂಗಳಲ್ಲಿ ಬಂದಿತ್ತು. ಲಾಕ್‌ಡೌನ್. ಗೊತ್ತು ಮಾಡಿದ್ದ ಛತ್ರ ಬಿಟ್ಟುಕೊಟ್ಟು, ಮನೆದೇವರಿಗೆ ದೀಪ ಹಚ್ಚಿ ಸುಮ್ಮನಾದೆವು. ಮೊನ್ನೆ ಮಾತು ಬೆಳೆದು ‘ನೀನು ಬೇಕಾದ್ರೆ ಹೋಗು’ ಅಂದುಬಿಟ್ಟರು. ನಾನು ‘ಬಿಡಿ, ನೋಡೋಣ’ ಅಂದೆ. ಹೋಗದಿದ್ದರೆ ಮಗಳಿಗೆ ಬೇಜಾರು, ಹೋದರೆ ಇವರಿಗೆ ಬೇಜಾರು. ನೆಂಟರು ಏನಂತಾರೋ. ಮಗಳ ಕೈಲಿ ಇಷ್ಟೊಂದು ಖರ್ಚು ಮಾಡಿಸುವುದೂ ಸರಿ ಅನ್ನಿಸುತ್ತಿಲ್ಲ. ಸಮುದ್ರ ನೋಡಿದ್ದು ಒಂದೇ ಸಲ, ಮುರ್ಡೇಶ್ವರದಲ್ಲಿ. ಎಲ್ಲರೂ ನೀರಿಗಿಳಿದಾಗ ಚಪ್ಪಲಿ, ಬ್ಯಾಗು ಕಾಯುತ್ತಾ ದಡದಲ್ಲಿ ಕೂತಿದ್ದೆ. ಏನು ಮಾಡಲಿ?

ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಕ್ಕಾ, ನಿಮ್ಮ ಪತ್ರ ಮೂರು ಸಲ ಓದಿದೆ. ಅದರಲ್ಲಿ ಮಗಳ ಬೇಜಾರಿದೆ, ಯಜಮಾನರ ಬೇಜಾರಿದೆ, ನೆಂಟರ ಮಾತಿದೆ. ನಿಮಗೆ ಹೋಗಲು ಆಸೆ ಇದೆಯೋ ಇಲ್ಲವೋ ಅನ್ನುವ ಒಂದು ಸಾಲು ಮಾತ್ರ ಎಲ್ಲೂ ಇಲ್ಲ. ಆದರೆ ಯಾರೂ ಕೇಳದಿದ್ದರೂ ಮುರ್ಡೇಶ್ವರದ ಚಪ್ಪಲಿ ವಿಷಯ ಬರೆದಿದ್ದೀರಿ. ನನಗೆ ಅಷ್ಟು ಸಾಕು. ನಿಮಗೆ ಹೋಗಬೇಕು ಅಂತಿದೆ.

‘ಬೇಕಾದ್ರೆ ಹೋಗು’ ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಹಳೆಯದು ಅಲ್ವಾ? ಬೇಕಾದ್ರೆ ತವರಿಗೆ ಹೋಗು, ಬೇಕಾದ್ರೆ ಸೀರೆ ತಗೋ. ಅದು ಒಪ್ಪಿಗೆಯೂ ಅಲ್ಲ, ಬೇಡ ಅಂದಂತೆಯೂ ಅಲ್ಲ. ಹೇಳಿದವರು ತಮ್ಮ ಭಾರ ಇಳಿಸಿಕೊಂಡು ಕೂರುತ್ತಾರೆ. ಕೇಳಿಸಿಕೊಂಡ ನಾವು ‘ಬಿಡಿ’ ಅನ್ನುತ್ತೇವೆ. ಹಾಗೆ ಬಿಟ್ಟದ್ದನ್ನೆಲ್ಲ ಒಳಗೇ ಲೆಕ್ಕ ಇಟ್ಟುಕೊಂಡು, ಹತ್ತು ವರ್ಷದ ಮೇಲೆ ಯಾವುದೋ ಸಣ್ಣ ವಿಷಯಕ್ಕೆ ಅಳುತ್ತೇವೆ. ನನ್ನ ಅಮ್ಮ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಅಪ್ಪನಿಗೆ ಕೊನೆವರೆಗೂ ಯಾಕೆ ಅಂತ ತಿಳಿಯಲಿಲ್ಲ.

ಈ ಸಲ ಆ ಮಾತಿಗೆ ಉತ್ತರ ಕೊಡಿ. ಬೇಕಾದ್ರೆ ಹೋಗು ಅಂದರೆ, ಬೇಕು ಅನ್ನಿ. ‘ರೀ, ಮಗಳಿಗೋಸ್ಕರ ಅಲ್ಲ. ನಂಗೇ ಹೋಗ್ಬೇಕು ಅಂತಿದೆ. ನೀವೂ ಬಂದ್ರೆ ನಂಗೆ ತುಂಬಾ ಖುಷಿ.’ ಇಷ್ಟು ಹೇಳಿ ನಿಲ್ಲಿಸಿ. ‘ನೀವು ಬರದಿದ್ರೂ ನಾನು ಹೋಗ್ತೀನಿ’ ಅನ್ನುವುದನ್ನು ಅದೇ ದಿನ ಸೇರಿಸಬೇಡಿ. ಎರಡು ದಿನ ಬಿಟ್ಟು ಹೇಳಿ. ಯೋಚನೆ ಮಾಡಲು ಅವರಿಗೂ ಜಾಗ ಬೇಕು. ಮತ್ತೆ, ಮಗಳನ್ನು ಫೋನಿನಲ್ಲಿ ಮುಂದೆ ಬಿಡಬೇಡಿ. ಅವಳು ಹೇಳಿದರೆ ಅದು ಅಪ್ಪ ಮಗಳ ಜಗಳ ಆಗುತ್ತದೆ. ನಿಮ್ಮ ಆಸೆ ಅದರ ನಡುವೆ ಕಳೆದುಹೋಗುತ್ತದೆ.

ಈಗ ಯಜಮಾನರ ಕಡೆ ನೋಡೋಣ. ನೀವು ಒಂದೆರಡು ಸಾಲಿನಲ್ಲಿ ಬರೆದು ಮುಂದೆ ಹೋದ ಸಂಗತಿ ನನಗೆ ದೊಡ್ಡದಾಗಿ ಕಂಡಿತು. ಅರವತ್ತು ಸಂವತ್ಸರ ಒಂದು ಸುತ್ತು ಮುಗಿದು ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ, ಅದಕ್ಕೇ ನಮ್ಮಲ್ಲಿ ಅರವತ್ತಕ್ಕೆ ಇಷ್ಟು ಬೆಲೆ. ಅವರ ಶಾರ್ವರಿ ಸಂವತ್ಸರ 2020ರಲ್ಲಿ ತಿರುಗಿ ಬಂತು. ಛತ್ರ ಗೊತ್ತಾಗಿತ್ತು, ಯಾರನ್ನೂ ಕರೆಯುವ ಹಾಗಿರಲಿಲ್ಲ. ಮನುಷ್ಯನಿಗೆ ಜೀವನದಲ್ಲಿ ಒಂದೇ ಸಲ ಬರುವ ಸಂಭ್ರಮ ಅದು. ಅವರು ಅದರ ಬಗ್ಗೆ ಮತ್ತೆ ಮಾತೇ ಆಡಿರಲಿಕ್ಕಿಲ್ಲ. ಈಗ ನಿಮ್ಮ ಪರಾಭವ ಸಂವತ್ಸರ ಬಂದಿದೆ. ಈ ಸಲವಾದರೂ ಮನೆ ತುಂಬ ಜನ ಇರಲಿ, ಇಬ್ಬರೂ ಜೊತೆಗೆ ಮಣೆ ಮೇಲೆ ಕೂರೋಣ ಅಂತ ಅವರಿಗೆ ಇದ್ದೀತು. ಅದನ್ನು ಹೇಳಲು ಬಾರದೆ ಕೇಕು, ಪರದೇಶ ಅಂತಿದ್ದಾರೆ. ನಾನು ತಪ್ಪಾಗಿ ಊಹಿಸಿರಬಹುದು, ಆದರೆ ಒಮ್ಮೆ ಕೇಳಿ ನೋಡಿ. ‘ನಿಮ್ಮ ಅರವತ್ತು ಹಾಗಾಯ್ತಲ್ಲ, ನಿಮಗೆ ತುಂಬಾ ಬೇಜಾರಾಗಿತ್ತಾ?’ ಅಂತ. ಆರು ವರ್ಷದಲ್ಲಿ ಈ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ.

ಪೂಜೆಯೂ ಆಗಲಿ. ತಿಥಿ ನೋಡಿದರೆ ನಿಮ್ಮದು ಈ ಸಲ ವಿಜಯದಶಮಿಯ ಬೆನ್ನಿಗೇ, ತಾರೀಕಿಗಿಂತ ಮೂರ್ನಾಲ್ಕು ದಿನ ಮೊದಲು ಬರುತ್ತದೆ. ಗೊಂಬೆ ಎತ್ತಿಟ್ಟು, ಹೋಮ ಮುಗಿಸಿ, ಅಡುಗೆಯವರ ಲೆಕ್ಕ ಚುಕ್ತಾ ಮಾಡಿ, ಅದೇ ಸುಸ್ತಿನಲ್ಲಿ ವಿಮಾನ ಹತ್ತುವುದು ಬೇಡ. ನಿಮ್ಮ ಪುರೋಹಿತರನ್ನು ಕೇಳಿ, ವಾಪಸು ಬಂದ ಮೇಲೆ ಒಂದು ಒಳ್ಳೆಯ ದಿನ ಗೊತ್ತು ಮಾಡಿಸಿ. ಪೂಜೆ ಇಬ್ಬರದೂ ಸೇರಿ ಆಗಲಿ. ಪತ್ರಿಕೆಯಲ್ಲಿ ಅವರ ಹೆಸರು ಮೊದಲು ಬರಲಿ. ಆ ದಿನವನ್ನು ಟಿಕೆಟ್ ತೆಗೆಸುವ ಮೊದಲೇ ಗೊತ್ತು ಮಾಡಿ. ಆಗ ಅವರಿಗೆ ‘ಇವಳು ಮನೆಯದನ್ನು ಬಿಟ್ಟು ಹೊರಟಳು’ ಅನ್ನಿಸುವುದಿಲ್ಲ. ನೆಂಟರ ಬಾಯಿಗೂ ಊಟ ಬೀಳುತ್ತದೆ. ನೆಂಟರ ವಿಷಯದಲ್ಲಿ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

‘ಅಲ್ಲಿ ತಿನ್ನೋಕೆ ಏನಿದೆ’ ಅನ್ನುವುದಕ್ಕೆ ಮಾತ್ರ ಉದ್ದವಾಗಿ ಉತ್ತರ ಕೊಡುತ್ತೇನೆ. ಆ ಊರಿನಲ್ಲಿ ನಾನು ನಾಲ್ಕು ದಿನ ಇದ್ದೆ, ನಾನೂ ಸಸ್ಯಾಹಾರಿ. ಅಲ್ಲಿ ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪಗಿನ ‘ಕಬ್ಬಿನ ಜೇನು’ ಸುರಿದು ಕೊಡುತ್ತಾರೆ. ನಾಲಿಗೆಗೆ ಇಟ್ಟರೆ ನಮ್ಮ ಜೋನಿಬೆಲ್ಲದ ನೆಂಟನೇ! ಮಾಲಗಾದ ಪೂರ್ವಕ್ಕೆ ಫ್ರಿಹಿಲಿಯಾನಾ ಅನ್ನುವ ಹಳ್ಳಿಯಲ್ಲಿ ಇವತ್ತಿಗೂ ಅದನ್ನು ಮಾಡುತ್ತಾರೆ. ಬಾದಾಮಿ, ಬ್ರೆಡ್ಡು, ಬೆಳ್ಳುಳ್ಳಿ ರುಬ್ಬಿದ ಅಜೋಬ್ಲಾಂಕೊ ಅನ್ನುವ ತಣ್ಣನೆಯ ಸೂಪು ಸಿಗುತ್ತದೆ, ಮೇಲೆ ದ್ರಾಕ್ಷಿ ಹಾಕಿರುತ್ತಾರೆ. ಒಂದು ಎಚ್ಚರಿಕೆ: ‘ಮಾಂಸ ಬೇಡ’ ಅಂದರೆ ಸಾಲದು. ಹಂದಿಯ ಹಮೋನ್, ಅತೂನ್ ಮೀನು ಇವನ್ನು ಮಾಂಸದ ಲೆಕ್ಕಕ್ಕೇ ಹಿಡಿಯದವರು ಇದ್ದಾರೆ. ‘ಸಿನ್ ಹಮೋನ್, ಸಿನ್ ಅತೂನ್’ ಅಂತ ಹೆಸರು ಹಿಡಿದು ಹೇಳಬೇಕು. ಬದನೆಕಾಯಿ ಕರಿದ ಎಣ್ಣೆಯಲ್ಲೇ ಮೀನು ಕರಿದಿದ್ದಾರಾ ಅಂತಲೂ ಕೇಳಿಸಿ. ಅಲ್ಲಿಯವರು ರಾತ್ರಿ ಊಟಕ್ಕೆ ಕೂರುವುದೇ ಒಂಬತ್ತರ ಮೇಲೆ. ಯಜಮಾನರಿಗೆ ಅದು ಆಗದು. ಹಾಗಾಗಿ ಅಡುಗೆಮನೆ ಇರುವ ಫ್ಲ್ಯಾಟನ್ನೇ ಹಿಡಿಯಲು ಮಗಳಿಗೆ ಹೇಳಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಸಾರಿನಪುಡಿ ಒಯ್ಯಿರಿ. ತುಪ್ಪ, ಪೇಡಾ ಬೇಡ. ಹಾಲಿನ ಪದಾರ್ಥವನ್ನು ನಮ್ಮಲ್ಲಿಂದ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ.

ಕಾಫಿ ವಿಷಯ ಅವರಿಗೆ ನೀವೇ ಹೇಳಿ. ಹಾಲು ಎಷ್ಟು, ಕಾಫಿ ಎಷ್ಟು ಅನ್ನುವುದಕ್ಕೆ ಮಾಲಗಾದಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು. ಸೋಲೊ ಅಂದರೆ ಬರೀ ಕಾಫಿ. ಮಿತಾದ್ ಅಂದರೆ ಅರ್ಧಕ್ಕರ್ಧ. ಸೊಂಬ್ರಾ ಅಂದರೆ ನೆರಳು, ಹಾಲು ಜಾಸ್ತಿ. ನೂಬೆ ಅಂದರೆ ಮೋಡ, ಲೋಟದ ತುಂಬ ಹಾಲು, ಹನಿ ಕಾಫಿ. ಸ್ಟ್ರಾಂಗ್, ಲೈಟ್ ಅಂತ ಬೆಳಗಾದರೆ ಜಗಳ ಆಡುವ ಮನೆ ನಮ್ಮದು. ನನಗೆ ಆ ಊರು ಅಲ್ಲೇ ಹತ್ತಿರವಾಯಿತು.

ನಿಮ್ಮ ಕೈಗೆ ಇಷ್ಟವಾಗುವ ಇನ್ನೊಂದು ಇದೆ, ಬಿಸ್ನಾಗಾ. ಒಣಗಿದ ಕಾಡುಗಿಡದ ಕಡ್ಡಿಯ ತುದಿಯಲ್ಲಿ ಛತ್ರಿಯ ಹಾಗೆ ಎಳೆಗಳು ಹರಡಿರುತ್ತವೆ. ಒಂದೊಂದು ಎಳೆಗೂ ಒಂದೊಂದು ಮಲ್ಲಿಗೆ ಮೊಗ್ಗು ಚುಚ್ಚುತ್ತಾ ಹೋಗುತ್ತಾರೆ. ಅರಳುವ ಮೊದಲೇ ಕಿತ್ತ ಮೊಗ್ಗು. ಸಂಜೆ ಆಗುತ್ತಾ ಕೈಯಲ್ಲೇ ಅರಳಿ ಬೆಳ್ಳಗೆ ಉಂಡೆಯಾಗುತ್ತದೆ. ಬಿಳಿ ಅಂಗಿಗೆ ಕೆಂಪು ಸೊಂಟಪಟ್ಟಿ ಕಟ್ಟಿದವರು ಅದನ್ನು ಬೀದಿಯಲ್ಲಿ ಮಾರುತ್ತಾ ಬರುತ್ತಾರೆ. ನಾನು ನಿಂತು ನೋಡಿದಾಗ ಮನೆ ಮುಂದೆ ಕೂತು ದಂಡೆ ಕಟ್ಟುವ ನಮ್ಮ ಹೆಂಗಸರೇ ನೆನಪಾದರು. ಅದು ಬೇಸಿಗೆಯ ಹೂವು. ಅಕ್ಟೋಬರ್ ಕೊನೆಗೆ ಸಿಗದೆಯೂ ಇರಬಹುದು, ಕಣ್ಣಿಟ್ಟಿರಿ.

ನಡೆಯಲು ಕಷ್ಟ ಅನ್ನುವ ಭಯ ಬೇಡ. ಹಳೆ ಊರು ಸಣ್ಣದು. ಅಲ್ಲಿಂದ ಮಲಗೇಟಾ ಕಡಲತೀರಕ್ಕೆ ನಡೆದೇ ಹೋಗಬಹುದು. 11ನೇ ಶತಮಾನದ ಅಲ್ಕಸಾಬಾ ಕೋಟೆ ದಿಬ್ಬದ ಮೇಲಿದೆ, ಹತ್ತಲು ಲಿಫ್ಟ್ ಉಂಟು. ದೊಡ್ಡ ಚರ್ಚಿನ ಕೆಲಸ 1528ರಲ್ಲಿ ಶುರುವಾಗಿ 1782ರಲ್ಲಿ ನಿಂತಿತು, ಒಂದು ಗೋಪುರ ಏಳಲೇ ಇಲ್ಲ. ಅದಕ್ಕೆ ಊರವರು ‘ಒಂದು ಕೈ ಇಲ್ಲದವಳು’ ಅಂತಾರೆ. ಒಂದು ತೋಳು ಬಾಕಿ ಇರುವ ರವಿಕೆಯ ಹಾಗೆ ಕಾಣುತ್ತದೆ. ಚಿತ್ರಕಾರ ಪಿಕಾಸೊ ಹುಟ್ಟಿದ್ದೂ ಈ ಊರಲ್ಲೇ, 1881ರ ಅಕ್ಟೋಬರ್ 25ರಂದು. ನಿಮ್ಮದೇ ತಾರೀಕು! ಅವನ ಮನೆ ಈಗ ಮ್ಯೂಸಿಯಂ ಆಗಿದೆ.

ಇನ್ನೂ ಒಂದು. ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಆ ಭಾನುವಾರ 25ಕ್ಕೇ ಬಿದ್ದಿದೆ. ಅಂದರೆ ನಿಮ್ಮ ಹುಟ್ಟುಹಬ್ಬಕ್ಕೆ ಅಲ್ಲಿ 25 ಗಂಟೆ. ಅದೇ ರಾತ್ರಿ ಚಂದ್ರ ತುಂಬಿರುತ್ತಾನೆ. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆಯ ಚಂದ್ರ ಅದು. ಅಲ್ಲಿ ಸಮುದ್ರದ ಮೇಲೆ ನೋಡುತ್ತೀರಿ.

ದುಡ್ಡಿನ ಮಾತು. ಮಗಳು ಪ್ರೀತಿಯಿಂದ ಕೊಡುವುದನ್ನು ಪೂರ್ತಿ ಬೇಡ ಅನ್ನಬೇಡಿ. ಆದರೆ ನಿಮ್ಮ ಟಿಕೆಟ್ಟನ್ನು ನಿಮ್ಮ ಹೊಲಿಗೆ ದುಡ್ಡಿನಲ್ಲಿ ನೀವೇ ತೆಗೆಸಿ. ಅಷ್ಟು ಉಳಿಸಿಟ್ಟಿರುತ್ತೀರಿ ಅಂತ ನನಗೆ ಗೊತ್ತು. ಮೊಮ್ಮಕ್ಕಳ ಹೆಸರಿಗೆ ಅಂತ ಇಟ್ಟಿದ್ದರೂ ಈ ಸಲ ಅದು ನಿಮ್ಮದು.

ಮ್ಯೂನಿಕ್, ಮಾಲಗಾ ಎರಡೂ ಕಡೆಗೆ ಒಂದೇ ಷೆಂಗೆನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಮಗಳ ಮನೆಯಲ್ಲೇ ಹೆಚ್ಚು ದಿನ ಅಂದರೆ ಜರ್ಮನಿಯದು. ಶುಲ್ಕ ತಲಾ 90 ಯೂರೋ. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಯಜಮಾನರು ಒಪ್ಪುವ ಮೊದಲೇ ಅವರ ಪಾಸ್‌ಪೋರ್ಟನ್ನೂ ತೆಗೆದು ನೋಡಿಡಿ. ವಾಪಸು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಅವರು ಬರಲೇ ಇಲ್ಲ ಅಂದರೆ? ಹೋಗಿ. ಮನೆ ಬೀಗದ ಕೈ, ಮಾತ್ರೆ ಡಬ್ಬಿ, ಗ್ಯಾಸ್ ಬುಕ್ ಮಾಡುವ ನಂಬರು ತೋರಿಸಿಕೊಟ್ಟು ಹೋಗಿ. ಹದಿನೈದು ದಿನಕ್ಕಾಗುವಷ್ಟು ಅಡುಗೆ ಮಾಡಿ ಫ್ರಿಜ್ಜಿಗೆ ತುಂಬಬೇಡಿ. ಅನ್ನ ಸಾರು ಅವರು ಮಾಡಿಕೊಳ್ಳುತ್ತಾರೆ. ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ಸಮುದ್ರ ತೋರಿಸಿ. ‘ನೀವಿರಬೇಕಿತ್ತು’ ಅನ್ನಿಸಿದರೆ ಹಾಗೇ ಹೇಳಿ.

ಬಂದರೆ, 25ರ ಸಂಜೆ ಮಲಗೇಟಾಕ್ಕೆ ಹೋಗಿ. ಅಕ್ಟೋಬರ್ ಕೊನೆಗೆ ನೀರು ಸ್ವಲ್ಪ ತಣ್ಣಗಿರುತ್ತದೆ, ಮೊಣಕಾಲಿನ ತನಕ ಇಳಿಯಲು ಅಡ್ಡಿಯಿಲ್ಲ. ಚಪ್ಪಲಿ ಅವರ ಕೈಗೆ ಕೊಡಿ.